ಹವಳದ ತೊಟ್ಟಿಯಲ್ಲಿ ಫಾಸ್ಫೇಟ್

ಹವಳದ ದಿಬ್ಬಗಳ ಸುತ್ತಣ ಕಡಲ ನೀರು ನೋಡಲು ಎಷ್ಟು ನಿರ್ಮಲವೋ ಪೋಷಕಾಂಶಗಳಲ್ಲಿ ಅಷ್ಟೇ ಬಡವಾದುದು. ಫಾಸ್ಫೇಟ್ ಎಂಬ ರಂಜಕದ ಲವಣವು ಅಲ್ಲಿ ಲೀಟರಿಗೆ ಸಾಮಾನ್ಯವಾಗಿ ಒಂದು ಮಿಲಿಗ್ರಾಮಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಮಾತ್ರ ಇರುತ್ತದೆ. ಇಂಥ ನೀರಿಗೆ ಒಗ್ಗಿದ ಹವಳವನ್ನು 60 ಲೀಟರಿನ ಗಾಜಿನ ತೊಟ್ಟಿಯಲ್ಲಿ ಸಾಕಹೊರಟವನು ಮೊದಲು ಕಲಿಯಬೇಕಾದುದು ಜತೆಯ ಮೀನುಗಳಿಗೆ ಆಹಾರ ಹಾಕುವ ಲೆಕ್ಕವನ್ನು.

ಮಿತ್ರರೇ, ಆ ಲೆಕ್ಕವನ್ನು ಮಾಡಿಯೇ ನೋಡೋಣ. ಒಣ ಆಹಾರದಲ್ಲಿ ನೂರಕ್ಕೊಂದು ಪಾಲು ರಂಜಕವಿದೆಯೆಂದು ಹಿಡಿಯಿರಿ. 1 ಗ್ರಾಂ ಆಹಾರದಲ್ಲಿ 10 ಮಿಲಿಗ್ರಾಂ ರಂಜಕವಾಯಿತು. ರಂಜಕದ ಪರಮಾಣು ಭಾರ 31, ಫಾಸ್ಫೇಟಿನ ಭಾರ 95. ಆದುದರಿಂದ ಅದು ಸುಮಾರು 30 ಮಿಲಿಗ್ರಾಂ ಫಾಸ್ಫೇಟ್ ಆಗಬಲ್ಲುದು. 60 ಲೀಟರಿಗೆ ಹಂಚಿದರೆ ಲೀಟರಿಗೆ ಅರ್ಧ ಮಿಲಿಗ್ರಾಂ! ಒಂದಷ್ಟು ಮೀನಿನ ಮೈಗೆ ಸೇರುವುದು ನಿಜ. ಮಿಕ್ಕುದಕ್ಕೆ ತೊಟ್ಟಿಯಿಂದ ಹೊರಹೋಗುವ ದಾರಿಯಿಲ್ಲ.

ಫಾಸ್ಫೇಟ್ ಹೆಚ್ಚಿದಂತೆ ಪಾಚಿ ಹಬ್ಬಿ ಹವಳವನ್ನು ಮುಸುಕುತ್ತದೆ. ಅದಕ್ಕಿಂತ ಗೂಢವಾದ ಕೇಡು ಇನ್ನೊಂದು. ಸುಣ್ಣದ ಹರಳು ಬೆಳೆಯುವುದಕ್ಕೆ ಫಾಸ್ಫೇಟ್ ಅಡ್ಡಿಮಾಡುತ್ತದೆ. ಹವಳದ ಅಸ್ಥಿಯೋ ಸುಣ್ಣದ್ದೇ. ಆಸ್ಟ್ರೇಲಿಯಾದ ಒನ್ ಟ್ರೀ ದ್ವೀಪದಲ್ಲಿ ಹವಳದ ದಿಬ್ಬವೊಂದಕ್ಕೆ ತಿಂಗಳುಗಟ್ಟಲೆ ಫಾಸ್ಫೇಟನ್ನೂ ಸಾರಜನಕದ ಪೋಷಕಗಳನ್ನೂ ಉಣಿಸಿದಾಗ, ಸುಣ್ಣ ಕಟ್ಟುವ ಕಾರ್ಯ ಅರ್ಧಕ್ಕಿಂತಲೂ ಹೆಚ್ಚು ಕುಗ್ಗಿತೆಂದು ಕಿನ್ಸಿ ಮತ್ತು ಡೇವಿಸ್ ಎಂಬ ವಿಜ್ಞಾನಿಗಳು 1979ರಲ್ಲಿ ಪ್ರಕಟಿಸಿದರು.

ಹಾಗಾದರೆ ಅದನ್ನು ಪೂರ್ತಿಯಾಗಿ ತೆಗೆದುಬಿಡಬಹುದಲ್ಲ ಎಂದು ಅವಸರದವರು ಕೇಳಿಯಾರು. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಬಿಸಿಲಿನಲ್ಲಿ ಅಡುಗೆ ಮಾಡಿ ಒಡೆಯನಿಗೂ ಬಡಿಸುವ ಬಾಣಸಿಗರು ಅವು. ಅವಕ್ಕೂ ರಂಜಕ ಬೇಕು. ಅದು ತೀರ ಇಲ್ಲವಾದರೆ ಹವಳ ಬಣ್ಣಗೆಟ್ಟು ಸೊರಗುತ್ತದೆ. ಆದಕಾರಣ ಲೀಟರಿಗೆ 0.03ರಿಂದ 0.1 ಮಿಲಿಗ್ರಾಂವರೆಗಿನ ಪ್ರಮಾಣವನ್ನು ಅನೇಕ ಸಾಕಣೆಗಾರರು ಕಾಪಾಡಿಕೊಳ್ಳುತ್ತಾರೆ.

ಉಪಾಯಗಳು ಹಲವು. ನಲ್ಲಿಯ ನೀರಿನಲ್ಲಿಯೂ ಫಾಸ್ಫೇಟ್ ಇರಬಹುದಾದ್ದರಿಂದ ಶುದ್ಧೀಕರಿಸಿದ ನೀರಿಗೆ ಉಪ್ಪು ಬೆರೆಸಿ ಬಳಸುವುದು. ಪಕ್ಕದ ತೊಟ್ಟಿಯಲ್ಲಿ ದೀಪದ ಕೆಳಗೆ ಕಡಲಪಾಚಿಯನ್ನು ಬೆಳೆಸಿ ಆಗಾಗ್ಗೆ ಕಿತ್ತೆಸೆಯುವುದು. ಫಾಸ್ಫೇಟನ್ನು ಹಿಡಿದಿಡುವ ಕಬ್ಬಿಣದ ಆಕ್ಸೈಡಿನ ಹರಳುಗಳ ಮೂಲಕ ನೀರನ್ನು ಹಾಯಿಸುವುದು. ಈ ಹರಳುಗಳನ್ನು ಒಮ್ಮೆಲೇ ಸುರಿದು ಹವಳವನ್ನೇ ಕಳೆದುಕೊಂಡವರುಂಟು. ದಿಢೀರನೆ ಇಳಿಸುವುದೂ ಅದಕ್ಕೆ ಆಘಾತವೇ. (ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ, ಕಡಲಿನಿಂದ ಅವನ್ನು ಕಿತ್ತು ತರುವುದು ಅಪರಾಧ.)

ಇನ್ನು ನೀರು ಬದಲಿಸುವ ಮಾತು. ಅರ್ಧ ನೀರನ್ನು ಬದಲಿಸಿದರೆ 0.40 ಇದ್ದ ಅಳತೆ 0.20ಕ್ಕೆ ಇಳಿಯಬೇಕಷ್ಟೆ? ಇಳಿಯುತ್ತದೆ. ಕೆಲವು ದಿನ ಕಳೆದು ಅಳೆದರೆ ಮತ್ತೆ ಏರಿರುತ್ತದೆ. ಆಹಾರ ಹೆಚ್ಚು ಹಾಕಿದೆನೆಂದು ಸಾಕುವವನು ತನ್ನನ್ನೇ ಹಳಿದುಕೊಳ್ಳುತ್ತಾನೆ. ತಪ್ಪು ಅವನದಲ್ಲದಿರಬಹುದು. ತೊಟ್ಟಿಯ ಸುಣ್ಣಕಲ್ಲೂ ಮರಳೂ ಫಾಸ್ಫೇಟನ್ನು ಮೈಗೆ ಅಂಟಿಸಿಕೊಂಡಿರುತ್ತವೆ; ನೀರಿನಲ್ಲಿ ಅದು ಕಡಮೆಯಾದೊಡನೆ ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ಬಿಡುತ್ತವೆ. ಕಲ್ಲಿನ ಈ ಹಳೆಯ ಸಾಲ ತೀರುವವರೆಗೆ ವಾರವಾರವೂ ಅಳೆದು ಬರೆದಿಟ್ಟು, ಸ್ವಲ್ಪ ಸ್ವಲ್ಪ ನೀರನ್ನೇ ಬದಲಿಸುತ್ತ ಹೋಗಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು.