ಕೆಂಪು ರಾಜಗಿರಿ ಬಣ್ಣ ಬಿಡುವುದೇಕೆ?

ಪ್ರಶ್ನೆ: ಹಿತ್ತಲಲ್ಲಿ ಕೆಂಪು ರಾಜಗಿರಿ ಹಾಕಿದ್ದೇವೆ. ಬೇವಿನ ಗಿಡದ ಕೆಳಗಿನ ಮಡಿಯಲ್ಲಿ ಎಲೆ ಅರ್ಧ ಹಸಿರು. ಕುದಿಸಿದರೆ ಇದ್ದ ಕೆಂಪೂ ನೀರಿಗಿಳಿಯುತ್ತದೆ. ಬೀಜವೇ ಕಳಪೆಯೇ?
– ಓದುಗರೊಬ್ಬರು, ಗೊರೇಬಾಳ

ಉತ್ತರ: ಬೀಜವನ್ನು ಬೈಯುವ ಮೊದಲು ಬೇವಿನ ನೆರಳನ್ನು ನೋಡಿ. ರಾಜಗಿರಿ ಬಿಸಿಲಿನ ಗಿಡ, ಬಿಸಿಲು ಬಿದ್ದಷ್ಟೂ ಕೆಂಪು ಗಾಢವಾಗುತ್ತದೆ. ನಿಮ್ಮ ಸಿಂಧನೂರಿನ ಕಡೆ ಬಿಸಿಲಿಗೇನು ಬರವೇ? ಮಡಿಯನ್ನು ಬಯಲಿಗೆ ತನ್ನಿ.

ನಿಮ್ಮದು ಎರೆಮಣ್ಣಾದರೆ ನೀರು ನಿಂತು ಬೇರು ಕೊಳೆಯುವ ಭಯ ಹೆಚ್ಚು. ಕಾಲುವೆ ನೀರಿನ ಭತ್ತದ ಗದ್ದೆ ನೋಡಿದ ಕಣ್ಣಿಗೆ ನೀರು ಎಷ್ಟಿದ್ದರೂ ಸಾಲದು ಅನಿಸುತ್ತದೆ. ಸೊಪ್ಪಿಗೆ ಹಾಗಲ್ಲ. ಮಡಿಯನ್ನು ತುಸು ಎತ್ತರಿಸಿ, ಕೊಳೆತ ಗೊಬ್ಬರ ಬೆರೆಸಿ. ಬೀಜ ಸಾಸಿವೆಗಿಂತ ಸಣ್ಣದು, ಮರಳಿನಲ್ಲಿ ಕಲಸಿ ಎರಚಿ, ಮೇಲೆ ಜರಡಿ ಹಿಡಿದ ಗೊಬ್ಬರ ತೆಳ್ಳಗೆ ಉದುರಿಸಿದರೆ ಸಾಕು. ಒತ್ತಾಗಿ ಹುಟ್ಟಿದ್ದನ್ನು ಎಳೆಯದಾಗಿರುವಾಗಲೇ ಕಿತ್ತು ಪಲ್ಯಕ್ಕೆ ಬಳಸಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಅರುಣಿಮಾ’ ತಳಿಯನ್ನು ಬಿತ್ತಿದ ಸುಮಾರು 30 ದಿನಕ್ಕೆ ಮೊದಲ ಸಲ ಕೊಯ್ಯಬಹುದು, ಬುಡ ಉಳಿಸಿದರೆ ಮತ್ತೆ ಚಿಗುರುತ್ತದೆ. ಬೇಗ ಬೆಳೆಯಲೆಂದು ಯೂರಿಯಾ ಸುರಿಯಬೇಡಿ, ಎಲೆಯಲ್ಲಿ ನೈಟ್ರೇಟ್ ಸೇರಿಕೊಳ್ಳುತ್ತದೆ.

ಇನ್ನು ಒಲೆಯ ಮಾತು. ಈ ಕೆಂಪು ಬೀಟಾಸಯಾನಿನ್, ಬೀಟ್‌ರೂಟಿನಲ್ಲಿರುವ ಬಣ್ಣದ ಬಳಗದ್ದೇ. ಅದು ನೀರಿನಲ್ಲಿ ಕರಗುತ್ತದೆ, ಹೆಚ್ಚು ಹೊತ್ತಿನ ಶಾಖಕ್ಕೆ ಮಾಸುತ್ತದೆ. ಬಣ್ಣ ಉಳಿಯಬೇಕೆಂದರೆ ಕುದಿಸಿ ಬಸಿಯುವುದನ್ನೇ ಬಿಡಿ. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಿ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಸಿಡಿಸಿ, ನೆನೆಸಿದ ಹೆಸರುಬೇಳೆ ಹಾಕಿ ನೀರು ಚಿಮುಕಿಸಿ ಬೇಯಿಸಿ. ಬೇಳೆ ಮೆತ್ತಗಾಗುತ್ತಿದ್ದಂತೆ ಸೊಪ್ಪು ಹಾಕಿದರೆ ತನ್ನ ನೀರಲ್ಲೇ ಬಾಡುತ್ತದೆ. ಕೊನೆಗೆ ಶೇಂಗಾಪುಡಿ, ಚೂರು ಹುಣಸೆರಸ. ಹುಳಿ ಈ ಬಣ್ಣವನ್ನು ಕಾಯುತ್ತದೆ, ಅಡುಗೆ ಸೋಡಾ ಕೆಡಿಸುತ್ತದೆ. ಬಿಸಿ ಜೋಳದ ರೊಟ್ಟಿಗೆ ಇದಕ್ಕಿಂತ ಒಳ್ಳೆ ಜೋಡಿ ನನಗಂತೂ ಗೊತ್ತಿಲ್ಲ.

ಬಲಿತ ದಂಟನ್ನು ಎಸೆಯಬೇಡಿ. ನಾರು ಸುಲಿದು ತುಂಡು ಮಾಡಿ ತೊಗರಿಬೇಳೆ ಸಾರಿಗೆ ಹಾಕಿ. ಅಲ್ಲಿ ಬಣ್ಣ ಕಟ್ಟಿನಲ್ಲಿ ಕರಗಿದರೂ ತಟ್ಟೆಗೇ ಬರುತ್ತದಲ್ಲ!

ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದರೆ ಮಾತ್ರ ಲೆಕ್ಕ ತಲೆಕೆಳಗು. ರಾಜಗಿರಿಯಲ್ಲಿ ಆಕ್ಸಲೇಟ್ ಹೆಚ್ಚು. ವೈದ್ಯರನ್ನು ಕೇಳಿ, ಅವರು ತಿನ್ನಬಹುದು ಎಂದರೂ ಕುದಿಸಿ ಆ ಕೆಂಪು ನೀರು ಚೆಲ್ಲಿಯೇ ಬಡಿಸಿ.