ಪತಂಗಗಳ ಕೂಟಕ್ಕೆ ತಡೆ, ಹೊಸ ಪ್ರಭೇದಕ್ಕೆ ದಾರಿ

ವರದಾ ದಂಡೆಯ ಹೊಸರಿತ್ತಿ ಭಾಗದಲ್ಲಿ ಹತ್ತಿ, ಗೋವಿನಜೋಳ ಬೆಳೆಯುವ ರೈತ ಬಾಂಧವರು ಮೋಹಕ ಬಲೆಯನ್ನು ಬಲ್ಲರು. ಕಾಯಿಕೊರಕದ ಲ್ಯೂರ್ ಇಟ್ಟ ಬಲೆಗೆ ಸೈನಿಕ ಹುಳುವಿನ ಪತಂಗ ಸಾಮಾನ್ಯವಾಗಿ ಬೀಳುವುದಿಲ್ಲ. ಏಕೆ?

ಚಿಟ್ಟೆ, ಪತಂಗಗಳು ಒಂದೇ ಗುಂಪಿನ ಕೀಟಗಳು. ಹೆಣ್ಣು ಪತಂಗ ರಾತ್ರಿ ಬಿಡುವ ವಾಸನೆ ಹಿಡಿದು ಗಂಡು ಬರುತ್ತದೆ. ಪ್ರತಿ ಪ್ರಭೇದದ ವಾಸನೆಯ ಮಿಶ್ರಣ ಬೇರೆ. ಹಗಲು ಹಾರುವ ಚಿಟ್ಟೆಗಳಿಗೆ ರೆಕ್ಕೆಯ ಬಣ್ಣವೂ ಗುರುತು. ಗುರುತು ಹೊಂದದಿದ್ದರೆ ಅವು ಕೂಡುವುದಿಲ್ಲ. ಕೂಡಿದರೂ ಕೆಲವೊಮ್ಮೆ ಸಂತಾನ ಬದುಕದು, ಇಲ್ಲವೆ ಬಂಜೆಯಾಗುತ್ತದೆ. ಹೀಗೆ ಎರಡು ಗುಂಪುಗಳ ವಂಶಗುಣ ಬೆರೆಯದಿದ್ದರೆ, ಅನೇಕ ತಲೆಮಾರು ಕಳೆದಂತೆ ಅವು ಬೇರೆ ಬೇರೆ ಪ್ರಭೇದಗಳಾಗುತ್ತವೆ.

ಈ ದಾರಿಯ ನಡುವೆ ಇರುವ ಕೀಟವೊಂದು ನಿಮ್ಮ ಹೊಲದಲ್ಲೇ ಇದೆ. ಅದು 2018ರಲ್ಲಿ ಶಿವಮೊಗ್ಗದಲ್ಲಿ, ಭಾರತಕ್ಕೇ ಮೊದಲ ಸಲ, ಕಂಡುಬಂದ ಫಾಲ್ ಸೈನಿಕ ಹುಳು. ತವರಾದ ಅಮೆರಿಕ ಖಂಡಗಳಲ್ಲಿ ಇದರಲ್ಲಿ ಎರಡು ಬಗೆ: ಗೋವಿನಜೋಳದ್ದು, ಭತ್ತದ್ದು. ನೋಡಲು ಎರಡೂ ಒಂದೇ. ಆದರೆ ಮೊದಲನೆಯದು ರಾತ್ರಿಯ ಮೊದಲ ಭಾಗದಲ್ಲಿ ಕೂಡಿದರೆ, ಎರಡನೆಯದು ತಡರಾತ್ರಿ ಕೂಡುತ್ತದೆ. ತಡೆ ಪೂರ್ಣವಾಗಿಲ್ಲ, ಮಿಶ್ರ ಸಂತಾನವೂ ಉಂಟು. ಆದ್ದರಿಂದ ಇನ್ನೂ ಒಂದೇ ಪ್ರಭೇದವೆಂದು ಎಣಿಕೆ.

ಇದರಿಂದ ನಿಮಗೆ ಪ್ರಯೋಜನವೇನು? ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಬಳಿ ಚೌಕಾಕಾರದ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದು ಫಾಲ್ ಸೈನಿಕ ಹುಳು. ಅದಕ್ಕೆ ಅದರದೇ ಲ್ಯೂರ್ ಕೊಳ್ಳಿರಿ. ಬೇರೆ ಲ್ಯೂರ್ ಇಟ್ಟ ಬಲೆ ಖಾಲಿ ಇದೆಯೆಂದು ಸುಮ್ಮನಿದ್ದರೆ, ಬೆಳೆಯ ಸುಳಿ ಹುಳುವಿನ ಪಾಲಾದೀತು.