ಡೀಸೆಲ್ ಕಾರಿನ ವೇಗವರ್ಧನೆಯಲ್ಲಿ ತಡವರಿಕೆ: ದೋಷ ಪತ್ತೆಯ ಕ್ರಮ

ದಾವಣಗೆರೆಯ ವರ್ತಕರಿಗೂ ಹರಿಹರದ ಸಣ್ಣ ಕೈಗಾರಿಕೋದ್ಯಮಿಗಳಿಗೂ ಡೀಸೆಲ್ ಕಾರು ದಿನನಿತ್ಯದ ವ್ಯವಹಾರದ ಸಾಧನ. ಇಂತಹ ಕಾರು ಆಕ್ಸಿಲರೇಟರ್ ತುಳಿದರೂ ಒಮ್ಮೊಮ್ಮೆ ವೇಗ ಪಡೆಯದೆ ತಡವರಿಸುವುದುಂಟು. ಗ್ಯಾರೇಜಿಗೆ ಒಯ್ದಾಗ ಸರಿಯಾಗಿ ಓಡುತ್ತದೆ. ಮರಳುವಾಗ ದೋಷ ಮತ್ತೆ ಕಾಣಿಸಿಕೊಳ್ಳುತ್ತದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಯನ್ನು ಹಿಂದಿಕ್ಕುವ ಹೊತ್ತಿನಲ್ಲಿ ಹೀಗಾದರೆ ಪ್ರಾಣಕ್ಕೇ ಅಪಾಯ.

ತಾಳೆಪಟ್ಟಿ ಹೊಂದದಿದ್ದಾಗ ವ್ಯತ್ಯಾಸವನ್ನು ಅನಾಮತು ಖಾತೆಗೆ ಹಾಕಿದ ಮಾತ್ರಕ್ಕೆ ತಪ್ಪು ಪತ್ತೆಯಾಗುವುದಿಲ್ಲ. ಕಾರಣ ತಿಳಿಯದೆ ಇಂಜೆಕ್ಟರ್, ಪಂಪ್, ಟರ್ಬೊ ಎಂದು ಒಂದೊಂದಾಗಿ ಬದಲಿಸುವುದೂ ಅಂಥದೇ ಕೆಲಸ.

ಮೊದಲು ದಾಖಲೆ

ಬಂದುಹೋಗುವ ದೋಷವನ್ನು ಹಿಡಿಯುವ ಮೊದಲ ಉಪಕರಣ ಒಂದು ನೋಟ್‌ಪುಸ್ತಕ. ದೋಷ ಕಂಡಾಗಲೆಲ್ಲ ಎಂಜಿನ್ ತಣ್ಣಗಿತ್ತೇ ಬಿಸಿಯಾಗಿತ್ತೇ, ಗೇರ್ ಮತ್ತು ವೇಗ ಎಷ್ಟು, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು, ಹೊಗೆಯ ಬಣ್ಣ ಯಾವುದು, ಎಚ್ಚರಿಕೆ ದೀಪ ಹೊತ್ತಿತೇ, ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಸರಿಹೋಯಿತೇ ಎಂಬುದನ್ನು ಪ್ರಯಾಣ ಮುಗಿದ ಕೂಡಲೇ ಬರೆದಿಡಬೇಕು. ಹತ್ತು ನಮೂದುಗಳಾಗುವಷ್ಟರಲ್ಲಿ ದೋಷದ ಸ್ವರೂಪ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ನಮೂದುಗಳ ಅರ್ಥ

ಕಾಮನ್ ರೈಲ್ ಡೀಸೆಲ್ ಕಾರುಗಳಲ್ಲಿ ಪೆಡಲ್‌ನಿಂದ ಎಂಜಿನ್ನಿಗೆ ತಂತಿಯ ಎಳೆತವಿಲ್ಲ. ಪೆಡಲ್‌ನಲ್ಲಿರುವ ಎರಡು ಸಂವೇದಕಗಳು ವಿದ್ಯುತ್ ಸಂಕೇತ ಕಳಿಸುತ್ತವೆ. ಕಂಪ್ಯೂಟರ್ ಅವೆರಡನ್ನೂ ತಾಳೆ ನೋಡಿ ಇಂಧನದ ಪ್ರಮಾಣ ನಿರ್ಧರಿಸುತ್ತದೆ. ತಾಳೆಯಾಗದಿದ್ದರೆ ಎಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತದೆ. ಕುಲುಕಾಟದ ರಸ್ತೆಯಲ್ಲಿ ಮಾತ್ರ ದೋಷ ಕಂಡರೆ ಪೆಡಲ್‌ನ ಸಂವೇದಕ, ವೈರು ಹಾಗೂ ಕನೆಕ್ಟರ್‌ಗಳನ್ನು ಮೊದಲು ಶಂಕಿಸಬೇಕು.

ಏರು ಹತ್ತುವಾಗ ಅಥವಾ ಪೂರ್ಣ ವೇಗಕ್ಕೆ ತುಳಿದಾಗ ಸೋತರೆ ಇಂಧನದ ಫಿಲ್ಟರ್ ಕಟ್ಟಿರಬಹುದು, ಡೀಸೆಲ್‌ನಲ್ಲಿ ನೀರು ಸೇರಿರಬಹುದು, ಇಲ್ಲವೇ ಕೊಳವೆಯ ಜೋಡಣೆಯಲ್ಲಿ ಗಾಳಿ ಎಳೆಯುತ್ತಿರಬಹುದು. ಕಪ್ಪು ಹೊಗೆಯೂ ಸುಯ್ ಎನ್ನುವ ಶಬ್ದವೂ ಸೇರಿದರೆ ಟರ್ಬೊ ಗಾಳಿಕೊಳವೆ ಬಿರುಕುಬಿಟ್ಟಿರುವ ಸಂಭವವಿದೆ. ನಗರದ ನಿಧಾನ ಓಡಾಟದಲ್ಲಿ ಮುಗ್ಗರಿಸಿದರೆ ಮಸಿ ಕಟ್ಟಿದ ಇಜಿಆರ್ ಕವಾಟವನ್ನು ನೋಡಬೇಕು. ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದೊಡನೆ ಶಕ್ತಿ ಮರಳಿದರೆ, ಟರ್ಬೊ ನಿಯಂತ್ರಕ ಅಥವಾ ಸಂವೇದಕಗಳ ಕಡೆಗೆ ಗಮನ ಹರಿಸಬೇಕು.

ಅಗ್ಗದ ಪರೀಕ್ಷೆ ಮೊದಲು

ಗಾಳಿ ಫಿಲ್ಟರ್, ಇಂಧನ ಫಿಲ್ಟರ್, ಬ್ಯಾಟರಿ ಟರ್ಮಿನಲ್, ರಬ್ಬರ್ ಕೊಳವೆಗಳ ಪರೀಕ್ಷೆಗೆ ಹೆಚ್ಚು ವೆಚ್ಚವಿಲ್ಲ. ಬ್ರೇಕ್ ಸ್ವಿಚ್ ಕೂಡ ನೋಡತಕ್ಕದ್ದು. ಹಲವು ಕಾರುಗಳಲ್ಲಿ ಬ್ರೇಕ್ ಒತ್ತಿದೆ ಎಂಬ ಸಂಕೇತ ಬಂದರೆ ಕಂಪ್ಯೂಟರ್ ಆಕ್ಸಿಲರೇಟರನ್ನು ಅಲಕ್ಷಿಸುತ್ತದೆ. ಬ್ರೇಕ್ ಮುಟ್ಟದಿದ್ದಾಗಲೂ ಹಿಂದಿನ ಕೆಂಪು ದೀಪ ಮಿನುಗಿದರೆ ಆ ಸ್ವಿಚ್ಚನ್ನು ಶಂಕಿಸಬಹುದು. ಆದರೆ ಎಂಜಿನ್ ಓಡುತ್ತಿರುವಾಗ ಇಂಧನ ಕೊಳವೆಯನ್ನು ಯಾರೂ ಸಡಿಲಿಸಬಾರದು. ಅದರ ಒತ್ತಡ 1000 ಬಾರ್ ಮೀರಬಲ್ಲದು.

ನಂತರ ಸ್ಕ್ಯಾನರ್. ದೋಷಸಂಖ್ಯೆಗಳನ್ನು ಅಳಿಸುವ ಮುನ್ನ ಬರೆದುಕೊಳ್ಳಬೇಕು. ದೋಷಸಂಖ್ಯೆ ತೊಂದರೆಯ ದಿಕ್ಕನ್ನು ತೋರಿಸುತ್ತದೆಯೇ ಹೊರತು ಬದಲಿಸಬೇಕಾದ ಭಾಗವನ್ನಲ್ಲ. ರೈಲ್ ಒತ್ತಡ ಕಡಿಮೆ ಎಂದರೆ ಫಿಲ್ಟರೂ ಕಾರಣವಾಗಬಹುದು, ಪಂಪೂ ಆಗಬಹುದು, ಸೋರುವ ಇಂಜೆಕ್ಟರೂ ಆಗಬಹುದು. ಮೆಕ್ಯಾನಿಕ್ ಸ್ಕ್ಯಾನರ್ ಸಹಿತ ಕಾರಿನಲ್ಲಿ ಕುಳಿತು, ದಾವಣಗೆರೆಯ ಪಿ.ಬಿ. ರಸ್ತೆಯ ದಟ್ಟಣೆಯಲ್ಲಿಯೂ ಹರಿಹರದ ಕಡೆಯ ಹೆದ್ದಾರಿಯಲ್ಲಿಯೂ ಅಳತೆಗಳನ್ನು ನೋಡುವುದು ಲೇಸು. ನಿಂತ ಕಾರಿನಲ್ಲಿ ಸಿಗದ ದೋಷ ಓಟದಲ್ಲಿ ಸಿಗುತ್ತದೆ.

2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಯಾದ ಮೇಲಿನ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರೂ ಇದೆ. ಸದಾ ಕಿರು ಓಡಾಟ ಮಾಡುವವರ ಕಾರಿನಲ್ಲಿ ಮಸಿ ಸುಡಲು ಅವಕಾಶ ಸಿಗದೆ ಅದು ಕಟ್ಟಿಕೊಳ್ಳಬಹುದು.

ಲೆಕ್ಕದ ಮಾತು

ಕೇಂದ್ರ ಜಿಎಸ್‌ಟಿ ಕಾಯ್ದೆ, 2017ರ ಕಲಂ 17(5)ರಂತೆ ಸ್ವಂತ ಉಪಯೋಗದ ಕಾರಿನ ದುರಸ್ತಿಗೆ ತೆತ್ತ ತೆರಿಗೆಯ ಹೂಡುವಳಿ ಜಮೆ ಸಾಮಾನ್ಯ ವರ್ತಕರಿಗೆ ದೊರೆಯದು. ಆದ್ದರಿಂದ ಊಹೆಯ ಮೇಲೆ ಬದಲಿಸಿದ ಪ್ರತಿ ಬಿಡಿಭಾಗದ ಬೆಲೆಯೊಂದಿಗೆ ಅದರ ಜಿಎಸ್‌ಟಿಯೂ ವರ್ತಕರ ಕೈಯಿಂದಲೇ ಹೋಗುತ್ತದೆ. ಬಿಲ್ಲಿನೊಂದಿಗೆ ಸ್ಕ್ಯಾನರ್ ವರದಿಯನ್ನೂ ತೆಗೆದ ಹಳೆಯ ಭಾಗವನ್ನೂ ಕೇಳಿ ಪಡೆಯಬೇಕು. ದೋಷ ನಿವಾರಣೆಯಾಯಿತೆಂದು ಖಚಿತವಾಗುವವರೆಗೆ ಹೆದ್ದಾರಿಯಲ್ಲಿ ಹಿಂದಿಕ್ಕುವ ಸಾಹಸಕ್ಕೆ ಕೈಹಾಕಬಾರದು.